ರಾಜೀನಾಮೆ ಕೊಡುವ ಮುಂಚೆ ಇದನ್ನು ಓದಿ: ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಮಾಜಿ ಸೈನಿಕರ ಕೆಲಸದ ಹಕ್ಕುಗಳು

ಸೈನ್ಯದಿಂದ ಬಂದು ಬ್ಯಾಂಕಿನಲ್ಲೋ, ಕಾರ್ಖಾನೆಯಲ್ಲೋ, ಅಪಾರ್ಟ್‌ಮೆಂಟ್ ಗೇಟಿನಲ್ಲೋ ಎರಡನೇ ಕೆಲಸಕ್ಕೆ ಸೇರಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನನಗೆ ಮನಸ್ಸಿನ ಕಾಯಿಲೆಗೆ ಮಾತ್ರೆ ನಡೀತಿದೆ. ಕಂಪನಿಗೆ ಹೇಳಬೇಕಾ? ಹೇಳಿದ್ರೆ ತೆಗೆದುಹಾಕ್ತಾರಾ?" ಇದನ್ನೇ ಅವರ ಹೆಂಡತಿಯರೂ ಕೇಳುತ್ತಾರೆ, ದನಿ ತಗ್ಗಿಸಿ.

ಕೇಳುವ ಹೊತ್ತಿಗೆ ಎಷ್ಟೋ ಜನ ರಾಜೀನಾಮೆ ಕೊಟ್ಟಾಗಿರುತ್ತದೆ. ನನಗೆ ಸಂಕಟ ಆಗುವುದು ಅಲ್ಲೇ. ಹದಿನೈದು, ಇಪ್ಪತ್ತು ವರ್ಷ "ಯಾರಿಗೂ ಭಾರ ಆಗಬಾರದು" ಅಂತ ಬದುಕಿದವರು, ನಾಲ್ಕು ದಿನ ಡ್ಯೂಟಿಗೆ ತಡವಾದರೆ ತಾವೇ ಕಾಗದ ಬರೆದುಕೊಟ್ಟು ಮನೆಗೆ ಬಂದುಬಿಡುತ್ತಾರೆ. ಆದರೆ ಕಾನೂನು ಕೊಡುವ ರಕ್ಷಣೆಯಲ್ಲಿ ಹೆಚ್ಚಿನದು ಕೆಲಸದಲ್ಲಿ ಇರುವವರಿಗೆ. ನೀವಾಗಿಯೇ ಬಿಟ್ಟು ಬಂದ ಮೇಲೆ ಅದನ್ನು ವಾಪಸ್ ಪಡೆಯುವುದು ಬಹಳ ಕಷ್ಟ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಇದನ್ನು ಪೂರ್ತಿ ಓದುವ ತನಕ ರಾಜೀನಾಮೆ ಬರೆಯಬೇಡಿ. ಬರೆದಿದ್ದರೆ ಕೊಡಬೇಡಿ.

ಇನ್ನೊಂದು ಮಾತು. ಸಾಯುವ ಯೋಚನೆ ಬರುತ್ತಿದ್ದರೆ ಕೆಲಸ, ಕಾನೂನು, ಕಾಗದ ಎಲ್ಲವನ್ನೂ ಪಕ್ಕಕ್ಕಿಡಿ. ಈಗಲೇ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಲೈಸೆನ್ಸಿನ ಬಂದೂಕು ಇದ್ದರೆ ಸದ್ಯಕ್ಕೆ ಅದನ್ನು ಮನೆಯಿಂದ ದೂರ ಇಡುವ ಬಗ್ಗೆ ಠಾಣೆಯಲ್ಲಿ ವಿಚಾರಿಸಲು ಮನೆಯವರಿಗೆ ಹೇಳಿ. ಕೊಡಗಿನ ಕಡೆಯವರಿಗೆ ಈ ಮಾತು ಇನ್ನೂ ಒತ್ತಿ ಹೇಳುತ್ತೇನೆ.

ಕೆಲವು ಪದಗಳು ಗೊತ್ತಿರಲಿ

ಪಿಟಿಎಸ್‌ಡಿ: ಭೀಕರ ಘಟನೆಯೊಂದು ಕಳೆದು ತಿಂಗಳು, ವರ್ಷ ಆದರೂ ಅದು ಈಗಲೇ ನಡೆಯುತ್ತಿದೆ ಅನ್ನುವ ಹಾಗೆ ಮನಸ್ಸು, ದೇಹ ಎರಡೂ ಬೆಚ್ಚಿಬೀಳುವ ಸ್ಥಿತಿ. ಕೆಟ್ಟ ಕನಸು, ನಿದ್ದೆ ಇಲ್ಲದಿರುವುದು, ಸಣ್ಣ ಸದ್ದಿಗೂ ಸಿಡುಕು ಇದರ ಲಕ್ಷಣಗಳು. ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯಾ ಇವೆಲ್ಲ ಬೇರೆ ಬೇರೆ ಕಾಯಿಲೆಗಳು. ಈ ಲೇಖನದ ವಿಚಾರಗಳು ಎಲ್ಲಕ್ಕೂ ಅನ್ವಯಿಸುತ್ತವೆ.

ಎಸ್ ಫ್ಯಾಕ್ಟರ್: ಸೈನ್ಯದ ವೈದ್ಯಕೀಯ ವರ್ಗೀಕರಣಕ್ಕೆ 'ಶೇಪ್' ಅನ್ನುತ್ತಾರೆ. ಅದರ ಮೊದಲ ಅಕ್ಷರ ಎಸ್, ಅಂದರೆ ಮಾನಸಿಕ ಸ್ಥಿತಿ. ಎಸ್-1 ಎಂದರೆ ಪೂರ್ತಿ ಫಿಟ್. ಅಂಕಿ ಹೆಚ್ಚಾದಷ್ಟು ಡ್ಯೂಟಿಯ ಮೇಲೆ ನಿರ್ಬಂಧ ಜಾಸ್ತಿ.

ಸಮಂಜಸ ಹೊಂದಾಣಿಕೆ: ಕಾನೂನಿನ ಪದ. ಮಾಲೀಕರಿಗೆ ಮಿತಿಮೀರಿದ ಹೊರೆ ಆಗದ ಹಾಗೆ, ನೀವು ಕೆಲಸ ಮಾಡಲು ಆಗುವಂತೆ ಮಾಡುವ ಸಣ್ಣ ಬದಲಾವಣೆ. ಪಾಳಿ ಬದಲಿಸುವುದು, ಜಾಗ ಬದಲಿಸುವುದು, ಆಸ್ಪತ್ರೆಗೆ ಹೋಗಲು ಬಿಡುವು ಕೊಡುವುದು, ಇಂಥವು.

ಈಗ ಹಂತಗಳಿಗೆ ಬರೋಣ.

1. ಚಿಕಿತ್ಸೆ ಎಲ್ಲಿ ನಡೆಯುತ್ತಿದೆ ಅನ್ನುವುದು ದಾಖಲೆಯಲ್ಲಿರಲಿ

ಔಷಧಿ ಅಂಗಡಿಯಲ್ಲಿ ಹಳೇ ಚೀಟಿ ತೋರಿಸಿ ನಿದ್ದೆ ಮಾತ್ರೆ ತರುವುದನ್ನು ನಿಲ್ಲಿಸಿ. ಅದು ಆರೋಗ್ಯಕ್ಕೂ ಕೆಟ್ಟದ್ದು, ಹಕ್ಕು ಕೇಳುವಾಗ ಕೈಯಲ್ಲಿ ಕಾಗದವೂ ಇರುವುದಿಲ್ಲ. ಇಸಿಎಚ್‌ಎಸ್ ಕಾರ್ಡ್ ಇದ್ದರೆ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ರೆಫರಲ್ ಬರೆಸಿಕೊಳ್ಳಿ. 2003ರಲ್ಲಿ ಶುರುವಾದ ಮಾಜಿ ಸೈನಿಕರ ಈ ಆರೋಗ್ಯ ಯೋಜನೆಯಲ್ಲಿ ಮನಸ್ಸಿನ ಕಾಯಿಲೆಗೂ ಚಿಕಿತ್ಸೆ ಇದೆ. "ಅದು ಬರೀ ಹಾರ್ಟು, ಕಿಡ್ನಿಗೆ" ಅಂತ ಅಂದುಕೊಂಡವರು ತುಂಬಾ ಜನ. ಕಾರ್ಡ್ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ. ಬೆಂಗಳೂರಿಗೆ ಬರಲು ಆಗುವವರಿಗೆ ನಿಮ್ಹಾನ್ಸ್ ಇದೆ.

ಪ್ರತಿ ಭೇಟಿಯ ಚೀಟಿ ಇಟ್ಟುಕೊಳ್ಳಿ. ಹಿಂದಿನ ದಾಖಲೆ ಕಳೆದುಹೋಗಿದ್ದರೆ ಕೇಳಿ ಪಡೆಯಬಹುದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ನಿಮ್ಮ ದಾಖಲೆ ನೋಡುವ ಹಕ್ಕು ನಿಮ್ಮದು. ಅದೇ ಕಾಯ್ದೆಯ ಸೆಕ್ಷನ್ 23ರಲ್ಲಿ ಗೋಪ್ಯತೆಯ ಹಕ್ಕೂ ಇದೆ. ಕಂಪನಿಯವರು ಫೋನ್ ಮಾಡಿ ಕೇಳಿದರು ಅಂತ ವೈದ್ಯರು ನಿಮ್ಮ ಕಾಯಿಲೆಯ ವಿವರ ಹೇಳುವ ಹಾಗಿಲ್ಲ.

2. ಒಂದು ಫೈಲ್ ಮಾಡಿ

ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಮಂಜೂರಾದ ಆದೇಶ ಪತ್ರ), ಮಾಜಿ ಸೈನಿಕರ ಗುರುತಿನ ಚೀಟಿ, ಚಿಕಿತ್ಸೆಯ ಚೀಟಿಗಳು, ಈಗಿನ ಕೆಲಸದ ನೇಮಕಾತಿ ಪತ್ರ, ಕಳೆದ ಮೂರು ತಿಂಗಳ ಸಂಬಳ ಚೀಟಿ. ಇಷ್ಟು ಇದ್ದರೆ ಶುರು ಮಾಡಬಹುದು.

ಸೈನ್ಯದಿಂದ ಹೊರಡುವಾಗ ನಡೆದ ಮೆಡಿಕಲ್ ಬೋರ್ಡಿನ ಪ್ರತಿ ಇದ್ದರೆ ಬಹಳ ಒಳ್ಳೆಯದು. ಅದರ ಫಾರಂ ಹೆಸರು ಎಎಫ್‌ಎಂಎಸ್‌ಎಫ್-16. ನಿಮ್ಮ ಹತ್ತಿರ ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಬರೆಯಿರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 2005ರ ಆ ಕಾಯ್ದೆಯಡಿ 30 ದಿನದಲ್ಲಿ ಉತ್ತರ ಕೊಡಬೇಕು.

3. ಎರಡು ಪರ್ಸೆಂಟ್‌ಗಳನ್ನು ಒಂದೇ ಅಂದುಕೊಳ್ಳಬೇಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ನಿಮ್ಮ ಪಿಪಿಒದಲ್ಲಿ 30% ಅಥವಾ 50% ಅಂತ ಇರುತ್ತದೆ. ಅದು ಪೆನ್ಷನ್ ಲೆಕ್ಕಕ್ಕೆ ಸೈನ್ಯದ ಬೋರ್ಡ್ ಕೊಟ್ಟ ಅಂಕಿ. ಅದರಲ್ಲೂ ರೌಂಡಿಂಗ್ ನಡೆದಿರಬಹುದು. 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದು ಲೆಕ್ಕ ಹಾಕುವ ಪದ್ಧತಿ ಪೆನ್ಷನ್‌ನಲ್ಲಿದೆ. ಅಂದರೆ ಬೋರ್ಡ್ 30% ಹೇಳಿದ್ದರೂ ಪಿಪಿಒ 50% ತೋರಿಸಬಹುದು.

ಸಿವಿಲ್ ಕೆಲಸದ ಮೀಸಲಾತಿಗೆ ಕೇಳುವುದು ಬೇರೆಯೇ ಕಾಗದ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅದರ ಪ್ರಮಾಣಪತ್ರದಲ್ಲಿ 40% ಅಥವಾ ಹೆಚ್ಚು ಬಂದರೆ ಸರ್ಕಾರಿ ಹುದ್ದೆಗಳ 4% ಮೀಸಲಾತಿಯ ವ್ಯಾಪ್ತಿಗೆ ಬರುತ್ತೀರಿ. ಆ ನಾಲ್ಕರಲ್ಲಿ 1% ಮಾತ್ರ ಮಾನಸಿಕ ಕಾಯಿಲೆ, ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಬಹುವಿಧ ವೈಕಲ್ಯ ಎಲ್ಲಕ್ಕೂ ಸೇರಿ. ಪಿಪಿಒ ತೋರಿಸಿದರೆ ಈ ಮೀಸಲಾತಿ ಸಿಗುವುದಿಲ್ಲ. ಇದಕ್ಕೆ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಸರ್ಕಾರಿ ಗುರುತಿನ ಚೀಟಿ ಬೇಕು.

ಯುಡಿಐಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಗೆ ಸಂಬಂಧಪಟ್ಟ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಮನಸ್ಸಿನ ಕಾಯಿಲೆಗೆ 'ಐಡಿಯಾಸ್' ಎಂಬ ಅಳತೆ ಬಳಸುತ್ತಾರೆ. ಅದರಲ್ಲಿ ನಾಲ್ಕು ವಿಷಯ ನೋಡುತ್ತಾರೆ: ನಿಮ್ಮ ಆರೈಕೆ ನೀವು ಮಾಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತುಕತೆ ಮತ್ತು ಗ್ರಹಿಕೆ, ಕೆಲಸ. ಎಷ್ಟು ವರ್ಷದಿಂದ ಕಾಯಿಲೆ ಇದೆ ಅನ್ನುವುದಕ್ಕೂ ಅಂಕ ಇದೆ.

ಇಲ್ಲಿ ನಮ್ಮವರು ಮಾಡುವ ತಪ್ಪು ಯಾವಾಗಲೂ ಒಂದೇ. ವೈದ್ಯರು "ಹೇಗಿದ್ದೀರಿ?" ಅಂದ ತಕ್ಷಣ ಬೆನ್ನು ನೆಟ್ಟಗೆ ಮಾಡಿ "ಚೆನ್ನಾಗಿದ್ದೀನಿ ಸರ್, ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಇಸ್ತ್ರಿ ಹಾಕಿದ ಅಂಗಿ, ಪಾಲಿಶ್ ಮಾಡಿದ ಶೂ, ನೀಟಾಗಿ ಕ್ಷೌರ. ನೋಡಿದವರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಮನೆಯ ಬಾಗಿಲು, ಕಿಟಕಿಗಳನ್ನು ನಾಲ್ಕು ನಾಲ್ಕು ಸಲ ಪರೀಕ್ಷಿಸುವುದು ಹೆಂಡತಿಗೆ ಮಾತ್ರ ಗೊತ್ತು. ಅದಕ್ಕೇ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಹೆಂಡತಿ ಇಲ್ಲದಿದ್ದರೆ ನಿಮ್ಮ ಜೊತೆ ಇರುವ ಅಣ್ಣ, ಮಗ, ಯಾರಾದರೂ ಸರಿ. ಅವರು ಹೇಳಲಿ. ಕಡೇ ಒಂದು ತಿಂಗಳಲ್ಲಿ ಎಷ್ಟು ದಿನ ಕೆಲಸ ತಪ್ಪಿತು, ಎಷ್ಟು ದಿನ ಸ್ನಾನ ಬೇಡ ಅನಿಸಿತು, ಎಷ್ಟು ಮದುವೆ ಮುಂಜಿ ತಪ್ಪಿಸಿಕೊಂಡಿರಿ, ಇದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೆಚ್ಚು ಮಾಡಿ ಹೇಳಬೇಡಿ. ಇದ್ದದ್ದನ್ನು ಮುಚ್ಚಲೂ ಬೇಡಿ.

"ವಿಕಲಚೇತನ ಅನ್ನೋ ಮುದ್ರೆ ನನಗೆ ಬೇಡ" ಅನ್ನುವವರ ನೋವು ನನಗೆ ಅರ್ಥ ಆಗುತ್ತದೆ. ಅವರಿಗೊಂದು ಸಮಾಧಾನದ ವಿಷಯ: ಸಮಂಜಸ ಹೊಂದಾಣಿಕೆ ಕೇಳಲು 40% ಬೇಕಾಗಿಲ್ಲ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. 40% ಬೇಕಾಗುವುದು ಮೀಸಲಾತಿಯಂಥ ವಿಶೇಷ ಸೌಲಭ್ಯಗಳಿಗೆ.

4. ನಿಮ್ಮ ಮಾಲೀಕರು ಯಾರು ಅಂತ ಖಚಿತ ಮಾಡಿಕೊಳ್ಳಿ

ಹಕ್ಕು ಎಷ್ಟು ಗಟ್ಟಿ ಅನ್ನುವುದು ಇದರ ಮೇಲೆ ನಿಂತಿದೆ.

ಸರ್ಕಾರಿ ಇಲಾಖೆ, ಸರ್ಕಾರಿ ಬ್ಯಾಂಕ್, ಎಚ್‌ಎಎಲ್, ಬಿಇಎಂಎಲ್, ಬಿಎಂಟಿಸಿಯಂಥ ಸಂಸ್ಥೆಗಳು ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ 'ಸರ್ಕಾರಿ ಸಂಸ್ಥೆ'ಗಳೇ. ಇವಕ್ಕೆ ಸೆಕ್ಷನ್ 20 ಅನ್ವಯಿಸುತ್ತದೆ. ಹೊಂದಾಣಿಕೆ ಮಾಡಿಕೊಡಲೇಬೇಕು. ವೈಕಲ್ಯದ ಕಾರಣಕ್ಕೆ ಬಡ್ತಿ ತಪ್ಪಿಸುವ ಹಾಗಿಲ್ಲ. ಸೇವೆಯಲ್ಲಿ ಇರುವಾಗ ವೈಕಲ್ಯ ಬಂದರೆ ಕೆಲಸದಿಂದ ತೆಗೆಯುವ ಹಾಗೂ ಇಲ್ಲ, ದರ್ಜೆ ಇಳಿಸುವ ಹಾಗೂ ಇಲ್ಲ. ಈಗಿನ ಹುದ್ದೆ ಆಗದಿದ್ದರೆ ಅದೇ ಸಂಬಳ ಶ್ರೇಣಿಯ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆಯೂ ಖಾಲಿ ಇಲ್ಲದಿದ್ದರೆ, ಸಿಗುವ ತನಕ ಅಥವಾ ನಿವೃತ್ತಿಯ ತನಕ, ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ಇಷ್ಟು ಬಲವಾದ ರಕ್ಷಣೆ ಇದು. ಸುಮ್ನೆ ಒಂದು ರಾಜೀನಾಮೆ ಕಾಗದಕ್ಕೆ ಇದನ್ನು ಬಿಟ್ಟುಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಖಾಸಗಿ ಕಂಪನಿಯಾದರೆ ಸೆಕ್ಷನ್ 20 ಬರುವುದಿಲ್ಲ. ಆದರೆ ಕೈ ಪೂರ್ತಿ ಖಾಲಿ ಅಲ್ಲ. ವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನುವ ಸೆಕ್ಷನ್ 3 ಇದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಹೊಂದಾಣಿಕೆ ನಿರಾಕರಿಸುವುದೂ ತಾರತಮ್ಯವೇ. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು ಅನ್ನುವ ಸೆಕ್ಷನ್ 21 ಇದೆ. 20 ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ವಿಶೇಷ ರಜೆ, ವರ್ಗಾವಣೆಯಲ್ಲಿ ಆದ್ಯತೆ, ಸಂಪರ್ಕ ಅಧಿಕಾರಿ ಯಾರು ಅನ್ನುವುದೆಲ್ಲ ಇರಬೇಕು. ಎಚ್‌ಆರ್‌ಗೆ ಒಂದು ಸಾಲು ಬರೆದು ಆ ನೀತಿಯ ಪ್ರತಿ ಕೇಳಿ. ಕಾಯಿಲೆಯ ಸುದ್ದಿ ಎತ್ತಬೇಕಾಗಿಲ್ಲ. ಯಾವ ನೌಕರ ಬೇಕಾದರೂ ಕೇಳಬಹುದಾದ ಕಾಗದ ಅದು.

ಇದರ ಜೊತೆಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961 ಇದೆ. ಅದರ ವ್ಯಾಪ್ತಿಯ ಸಂಸ್ಥೆಯಲ್ಲಿ ಸತತ ಆರು ತಿಂಗಳು ಕೆಲಸ ಮಾಡಿದ ನೌಕರನನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವ ಹಾಗಿಲ್ಲ. "ನಾಳೆಯಿಂದ ಬರಬೇಡ" ಅನ್ನುವ ಬಾಯಿಮಾತು ಕಾನೂನು ಅಲ್ಲ.

ಸೆಕ್ಯುರಿಟಿ ಕೆಲಸದಲ್ಲಿ ಇರುವವರು ಗಮನಿಸಿ. ನೀವು ನಿಲ್ಲುವುದು ಅಪಾರ್ಟ್‌ಮೆಂಟಿನ ಗೇಟಿನಲ್ಲಾದರೂ ಸಂಬಳ ಕೊಡುವುದು ಏಜೆನ್ಸಿ. ಅರ್ಜಿ ಕೊಡಬೇಕಾದ್ದು ಏಜೆನ್ಸಿಗೆ. ಅಸೋಸಿಯೇಷನ್ ಕಾರ್ಯದರ್ಶಿಗೆ ಹೇಳಿಕೊಂಡು, ಅವರು "ಗಾರ್ಡ್ ಬದಲಿಸಿ" ಅಂತ ಏಜೆನ್ಸಿಗೆ ಫೋನ್ ಮಾಡಿ, ಕೆಲಸ ಹೋದವರಿದ್ದಾರೆ.

5. ಹೇಳಬೇಕೋ ಬೇಡವೋ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೆಲಸಕ್ಕೆ ತೊಂದರೆ ಆಗುತ್ತಿಲ್ಲ, ಯಾವ ಬದಲಾವಣೆಯೂ ಬೇಡ ಅಂದರೆ ಹೇಳುವ ಅಗತ್ಯ ಇಲ್ಲ. ಬದಲಾವಣೆ ಬೇಕು ಅಂದರೆ ಹೇಳಬೇಕು, ಆದರೆ ಎಷ್ಟು ಬೇಕೋ ಅಷ್ಟೇ. ರೋಗದ ಹೆಸರಿಗಿಂತ ಕೆಲಸದ ಮಾತು ಮುಖ್ಯ. "ನನಗೆ ಪಿಟಿಎಸ್‌ಡಿ ಇದೆ" ಅನ್ನುವ ಸಾಲಿನಿಂದ ಸೂಪರ್‌ವೈಸರ್‌ಗೆ ಏನೂ ಅರ್ಥ ಆಗುವುದಿಲ್ಲ, ಹೆದರಿಕೆ ಮಾತ್ರ ಹುಟ್ಟುತ್ತದೆ. "ರಾತ್ರಿ ಪಾಳಿಯಲ್ಲಿ ನನ್ನ ಔಷಧಿಯ ಸಮಯ ತಪ್ಪುತ್ತದೆ, ಹಗಲು ಪಾಳಿ ಕೊಡಿ" ಅಂದರೆ ಏನು ಮಾಡಬೇಕು ಅಂತ ಅವರಿಗೂ ಗೊತ್ತಾಗುತ್ತದೆ.

ಎರಡು ಎಚ್ಚರಿಕೆ. ಒಂದು, ನೇಮಕಾತಿ ಫಾರಂನಲ್ಲಿ ಆರೋಗ್ಯದ ಬಗ್ಗೆ ನೇರ ಪ್ರಶ್ನೆ ಇದ್ದರೆ ಸುಳ್ಳು ಬರೆಯಬೇಡಿ. ಸರ್ಕಾರಿ ಕೆಲಸದಲ್ಲಿ ಮಾಹಿತಿ ಮುಚ್ಚಿಟ್ಟಿದ್ದೇ ವಜಾಕ್ಕೆ ಕಾರಣ ಆಗಬಹುದು. ಡಿಸ್ಚಾರ್ಜ್ ಬುಕ್‌ನಲ್ಲಿ ನಿಮ್ಮ ಮೆಡಿಕಲ್ ಕೆಟಗರಿ ಹೇಗೂ ಇರುತ್ತದೆ. ಎರಡು, ಬಂದೂಕು. ಬ್ಯಾಂಕಿನ ಸಶಸ್ತ್ರ ಗಾರ್ಡ್ ಆಗಿದ್ದು ಕಾಯಿಲೆ ಜೋರಾಗಿದ್ದರೆ ಮುಚ್ಚಿಡುವುದು ನಿಮಗೂ ಅಪಾಯ, ಸುತ್ತಲಿನವರಿಗೂ ಅಪಾಯ. ವೈದ್ಯರನ್ನು ಕೇಳಿ, ಅವರು ಬೇಡ ಅಂದರೆ ಶಸ್ತ್ರ ಇಲ್ಲದ ಕೆಲಸ ಕೇಳಿ. ಹಾಗೆ ಕೇಳುವುದು ಸೋಲಲ್ಲ.

ಚಿಕಿತ್ಸೆ ಇದೆ ಅಂದ ಮಾತ್ರಕ್ಕೆ ಯಾರಾದರೂ ನಿಮ್ಮನ್ನು 'ಬುದ್ಧಿ ಸ್ಥಿಮಿತ ಇಲ್ಲದವನು' ಅಂತ ಬರೆದರೆ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 3 ತೋರಿಸಿ. ಮಾನಸಿಕ ಕಾಯಿಲೆ ಇದೆ ಅನ್ನುವುದೊಂದರಿಂದಲೇ ಹಾಗೆ ಹೇಳಲು ಬರುವುದಿಲ್ಲ, ಅದಕ್ಕೆ ನ್ಯಾಯಾಲಯದ ಘೋಷಣೆ ಬೇಕು.

6. ಬರವಣಿಗೆಯಲ್ಲಿ ಕೇಳಿ

ಮೊದಲು ವೈದ್ಯರಿಂದ ಪತ್ರ. ಅದರಲ್ಲಿ ರೋಗದ ಹೆಸರು ಹಾಕಬೇಡಿ ಅಂತ ನೀವೇ ಕೇಳಿಕೊಳ್ಳಿ. ಇಷ್ಟು ಸಾಕು: "ಇವರು ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಕೆಲಸ ಮಾಡಲು ಸಮರ್ಥರು. ಮುಂದಿನ ಆರು ತಿಂಗಳು ರಾತ್ರಿ ಪಾಳಿ ಕೊಡಬಾರದು. ತಿಂಗಳಿಗೊಮ್ಮೆ ತಪಾಸಣೆಗೆ ಅರ್ಧ ದಿನ ಬಿಡುವು ಬೇಕು." ಇದರಲ್ಲಿ "ಕೆಲಸ ಮಾಡಲು ಸಮರ್ಥರು" ಅನ್ನುವ ಸಾಲು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ. ಅದಿಲ್ಲದ ಪತ್ರವನ್ನು ನಿಮ್ಮ ವಿರುದ್ಧವೇ ಬಳಸಬಹುದು.

ಆಮೇಲೆ ನಿಮ್ಮ ಅರ್ಜಿ. ಹೀಗೆ ಬರೆಯಬಹುದು:

"ಮಾನ್ಯರೇ,
ನಾನು ನಿಮ್ಮ ಸಂಸ್ಥೆಯಲ್ಲಿ ______ರಿಂದ ______ ಹುದ್ದೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಆರೋಗ್ಯದ ಕಾರಣದಿಂದ ಚಿಕಿತ್ಸೆಯಲ್ಲಿದ್ದೇನೆ. ವೈದ್ಯರ ಪತ್ರ ಲಗತ್ತಿಸಿದ್ದೇನೆ. ಕೆಲಸವನ್ನು ಚೆನ್ನಾಗಿ ಮುಂದುವರಿಸಲು ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಈ ಹೊಂದಾಣಿಕೆ ಕೋರುತ್ತೇನೆ: (1) ಆರು ತಿಂಗಳು ಹಗಲು ಪಾಳಿ, (2) ಪ್ರತಿ ತಿಂಗಳು ಒಂದು ಅರ್ಧ ದಿನ ಬಿಡುವು. ಈ ಮಾಹಿತಿಯನ್ನು ಗೋಪ್ಯವಾಗಿ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಿ."

ಇಮೇಲ್‌ನಲ್ಲಿ ಕಳಿಸಿ, ಇಲ್ಲವೇ ಎರಡು ಪ್ರತಿ ತೆಗೆದುಕೊಂಡು ಹೋಗಿ ಒಂದಕ್ಕೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಬನ್ನಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ನಂಬಿ ಕೂರಬೇಡಿ.

ಏನು ಕೇಳಬಹುದು? ದಿನಕ್ಕೊಂದು ಪಾಳಿ ಬದಲಾಗುವ ಬದಲು ಒಂದೇ ಪಾಳಿ. ಒಂಟಿಯಾಗಿ ರಾತ್ರಿ ಕಾವಲು ಬೇಡ. ಬೆನ್ನಿನ ಹಿಂದೆ ಜನ ಓಡಾಡದ ಹಾಗೆ ಗೋಡೆಗೆ ಒರಗಿದ ಕುರ್ಚಿ. ಬಾಯಲ್ಲಿ ಹೇಳುವ ಸೂಚನೆಯ ಬದಲು ಬರೆದು ಕೊಡುವುದು. ಬೆಳಗಿನ ಮಂಪರು ತರುವ ಔಷಧಿ ಇದ್ದರೆ ಆರು ಗಂಟೆಯ ಬದಲು ಎಂಟಕ್ಕೆ ಡ್ಯೂಟಿ.

ನನಗೆ ಗೊತ್ತಿರುವ ಮಾಜಿ ಹವಾಲ್ದಾರರೊಬ್ಬರು ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಗೇಟ್ ಡ್ಯೂಟಿಯಲ್ಲಿದ್ದರು. ವರ್ಷವೆಲ್ಲ ಸರಿ. ದೀಪಾವಳಿಯ ಪಟಾಕಿ ಸದ್ದಿಗೆ ಮಾತ್ರ ಕೈ ನಡುಗುತ್ತಿತ್ತು, ಬೆವರು ಇಳಿಯುತ್ತಿತ್ತು. ಹಿಂದಿನ ವರ್ಷ ಆ ಮೂರು ದಿನ ಹೇಳದೆ ಕೇಳದೆ ಗೈರಾಗಿ ಸಂಬಳ ಕಡಿತ ಮಾಡಿಸಿಕೊಂಡಿದ್ದರು. ಮರುವರ್ಷ ಹದಿನೈದು ದಿನ ಮೊದಲೇ ಏಜೆನ್ಸಿಗೆ ಎರಡು ಸಾಲಿನ ಅರ್ಜಿ ಕೊಟ್ಟರು. ಆ ಮೂರು ರಾತ್ರಿ ಅವರನ್ನು ಬೇಸ್‌ಮೆಂಟಿನ ಸಿಸಿಟಿವಿ ಕೋಣೆಗೆ ಹಾಕಿದರು, ಅಲ್ಲಿದ್ದ ಹುಡುಗ ಗೇಟಿಗೆ ಬಂದ. ಏಜೆನ್ಸಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ. ಸಮಂಜಸ ಹೊಂದಾಣಿಕೆ ಅಂದರೆ ಇಷ್ಟೇ.

7. ರಜೆ ಮತ್ತು ಇಎಸ್‌ಐ

ಕಾಯಿಲೆ ಜೋರಾದಾಗ ಸುಮ್ಮನೆ ಮನೆಯಲ್ಲಿ ಕೂರಬೇಡಿ. ಹೇಳದೆ ಗೈರಾದರೆ "ಕೆಲಸ ಬಿಟ್ಟು ಹೋದರು" ಅಂತ ಬರೆದುಬಿಡುತ್ತಾರೆ. ನಿಮಗೆ ಆಗದಿದ್ದರೆ ಮನೆಯವರಿಂದಾದರೂ ಅದೇ ದಿನ ಒಂದು ಮೆಸೇಜ್, ಆಮೇಲೆ ಇಮೇಲ್ ಹೋಗಲಿ.

ಕೇಂದ್ರ ಸರ್ಕಾರಿ ನೌಕರರಲ್ಲಿ ವಿಕಲಚೇತನರಿಗೆ ವರ್ಷಕ್ಕೆ 4 ದಿನ ವಿಶೇಷ ಸಾಂದರ್ಭಿಕ ರಜೆ ಇದೆ.

ಖಾಸಗಿಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ವಿಕಲಚೇತನರಿಗೆ ಈ ಮಿತಿ 25,000. "ನಂಗೆ ಇಸಿಎಚ್‌ಎಸ್ ಇದೆಯಲ್ಲ, ಇಎಸ್‌ಐ ಯಾಕೆ?" ಅಂತ ಮಾಜಿ ಸೈನಿಕರು ಅದರ ಕಡೆ ನೋಡುವುದೇ ಇಲ್ಲ. ಪ್ರತಿ ತಿಂಗಳು ದುಡ್ಡು ಮಾತ್ರ ಕಟ್ ಆಗುತ್ತಿರುತ್ತದೆ. ಇಸಿಎಚ್‌ಎಸ್ ಕೊಡುವುದು ಚಿಕಿತ್ಸೆ. ಇಎಸ್‌ಐ ಚಿಕಿತ್ಸೆಯ ಜೊತೆಗೆ ರಜೆಯ ದಿನಗಳಿಗೆ ಹಣ ಕೊಡುತ್ತದೆ. ವಂತಿಗೆಯ ಷರತ್ತು ಪೂರೈಸಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70% ಸಿಗುತ್ತದೆ. ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆಗಳೂ ಇವೆ. ಎರಡು ವರ್ಷ ಸತತ ಕೆಲಸ ಮಾಡಿದವರಿಗೆ ಆ ಪಟ್ಟಿಯಡಿ 80% ಲೆಕ್ಕದಲ್ಲಿ ಎರಡು ವರ್ಷದವರೆಗೂ ನೆರವು ಮುಂದುವರಿಯಬಹುದು.

ಎಡವುವ ಜಾಗ: ಈ ಹಣಕ್ಕೆ ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು. ಬೇರೆ ಕಡೆ ಚಿಕಿತ್ಸೆ ಪಡೆಯುತ್ತಿದ್ದರೂ ಕಾಗದಗಳನ್ನು ತೆಗೆದುಕೊಂಡು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಮೊದಲ ದಿನಗಳಲ್ಲೇ.

8. ನೋಟಿಸ್ ಬಂದರೆ

ಕೋಪ ಮಾಡಿಕೊಂಡಿರಿ, ಮಾತು ಮೀರಿತು, ಡ್ಯೂಟಿ ತಪ್ಪಿತು, ಶೋಕಾಸ್ ನೋಟಿಸ್ ಬಂತು. ಶೋಕಾಸ್ ನೋಟಿಸ್ ಅಂದರೆ ಕಾರಣ ಕೇಳುವ ಪತ್ರ, ಶಿಕ್ಷೆ ಅಲ್ಲ. ಕೊಟ್ಟ ಗಡುವಿನೊಳಗೆ ಉತ್ತರ ಕೊಡಲೇಬೇಕು. "ತಪ್ಪಾಯ್ತು, ಕ್ಷಮಿಸಿ" ಅಂತ ಒಂದೇ ಸಾಲು ಬರೆದುಕೊಡಬೇಡಿ. ಆ ಹೊತ್ತಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು ಅನ್ನುವುದನ್ನು ದಾಖಲೆ ಸಮೇತ ಬರೆಯಿರಿ.

ಇಲ್ಲಿ ನಿಮ್ಮ ಕೈಗೆ ಒಂದು ಗಟ್ಟಿ ತೀರ್ಪಿದೆ. ಸಿಆರ್‌ಪಿಎಫ್ ಅಧಿಕಾರಿ ರವೀಂದರ್ ಕುಮಾರ್ ಧಾರಿವಾಲ್ ಅವರ ಪ್ರಕರಣ. 2021ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಅವರ ಮೇಲಿನ ಶಿಸ್ತು ಕ್ರಮವನ್ನು ರದ್ದು ಮಾಡಿತು. ಕಾಯಿಲೆ ನಡವಳಿಕೆಗೆ ಒಂದು ಕಾರಣ ಆಗಿದ್ದರೂ ಸಾಕು, ಅದೊಂದೇ ಕಾರಣ ಆಗಿರಬೇಕಿಲ್ಲ, ಅಂಥ ವ್ಯಕ್ತಿಯ ಮೇಲೆ ಶಿಸ್ತು ಕ್ರಮ ನಡೆಸುವುದು ಪರೋಕ್ಷ ತಾರತಮ್ಯ ಎಂದಿತು. ಬೇರೆ ಹುದ್ದೆಗೆ ಹಾಕುವುದಾದರೆ ಸಂಬಳ, ಸೇವಾ ಷರತ್ತು ಉಳಿಸಬೇಕು ಎಂದಿತು. ಬಂದೂಕು ಹಿಡಿಯುವ ಕೆಲಸ ಕೊಡದೆ ಇರಲು ಇಲಾಖೆಗೆ ಅವಕಾಶವನ್ನೂ ಕೊಟ್ಟಿತು. ಬ್ಯಾಂಕ್ ಗಾರ್ಡ್‌ಗಳು ಈ ಕಡೇ ಮಾತನ್ನು ನೆನಪಿಡಿ. ಶಸ್ತ್ರ ಕೊಡಲು ಆಗದಿದ್ದರೆ ಬೇರೆ ಕೆಲಸ ಕೊಡುವ ದಾರಿ ಇದೆ, ಮನೆಗೆ ಕಳಿಸುವುದೊಂದೇ ದಾರಿ ಅಲ್ಲ.

ಖಾಲಿ ಹಾಳೆಗೆ ಸಹಿ ಹಾಕಬೇಡಿ. "ರಾಜೀನಾಮೆ ಕೊಟ್ಟರೆ ಒಳ್ಳೇ ಸರ್ಟಿಫಿಕೇಟ್ ಕೊಡ್ತೀವಿ" ಅಂದರೆ ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬನ್ನಿ.

9. ದೂರು ಎಲ್ಲಿ?

ಸರ್ಕಾರಿ ಸಂಸ್ಥೆಯಲ್ಲಿ ಕುಂದುಕೊರತೆ ಪರಿಹಾರ ಅಧಿಕಾರಿ ಇರಬೇಕು. ದೂರು ನೋಂದಣಿಯಾದ ಎರಡು ವಾರದಲ್ಲಿ ವಿಚಾರಣೆ ಆಗಬೇಕು. ಅದು ತೃಪ್ತಿ ಕೊಡದಿದ್ದರೆ ಜಿಲ್ಲಾ ಮಟ್ಟದ ಸಮಿತಿ. ಸರ್ಕಾರಿ ಇರಲಿ, ಖಾಸಗಿ ಇರಲಿ, ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ಬರೆಯಬಹುದು. ಕೇಂದ್ರದ ಸಂಸ್ಥೆಯಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟವರು ಏನು ಕ್ರಮ ಕೈಗೊಂಡರು ಎಂದು ಮೂರು ತಿಂಗಳಲ್ಲಿ ತಿಳಿಸಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ ಮುರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ ಇದೆ.

ನಾಲ್ಕು ಜನರ ಮುಂದೆ ಬೇಕಂತಲೇ "ಹುಚ್ಚ" ಅಂತ ಅವಮಾನ ಮಾಡಿದರೆ ಅದು ಅಪರಾಧ. ಅದೇ ಕಾಯ್ದೆಯ ಸೆಕ್ಷನ್ 92ರಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಯಾರು, ಯಾವಾಗ, ಏನು ಅಂದರು, ಯಾರ ಮುಂದೆ ಅಂದರು, ಅದೇ ದಿನ ಡೈರಿಯಲ್ಲಿ ಬರೆದಿಡಿ.

ವಕೀಲರಿಗೆ ದುಡ್ಡಿಲ್ಲ ಅಂತ ಕೈಬಿಡಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ ಪ್ರಕಾರ ವೈಕಲ್ಯ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇರುತ್ತದೆ. ಸಹಾಯವಾಣಿ 15100.

10. ಹೊಸ ಕೆಲಸ ಹುಡುಕುವವರಿಗೆ

ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 10% ಮೀಸಲು. ಸರ್ಕಾರಿ ಬ್ಯಾಂಕ್ ಮತ್ತು ಕೇಂದ್ರದ ಸಾರ್ವಜನಿಕ ಉದ್ದಿಮೆಗಳ ಗ್ರೂಪ್ ಸಿಯಲ್ಲಿ 14.5%. ಇದರಲ್ಲಿ 4.5% ವೈಕಲ್ಯ ಇರುವ ಮಾಜಿ ಸೈನಿಕರಿಗೆ ಮತ್ತು ಹುತಾತ್ಮರ ಅವಲಂಬಿತರಿಗೆ. ರಾಜ್ಯದ ಅಧಿಸೂಚನೆಗಳಲ್ಲೂ 'ಮಾಜಿ ಸೈನಿಕ' ಅನ್ನುವ ಕಾಲಂ ಇರುತ್ತದೆ, ನೋಡಿ.

ವಿಕಲಚೇತನರ ಮೀಸಲಾತಿಯಲ್ಲಿ ಅರ್ಜಿ ಹಾಕುವುದಾದರೆ ಆ ಹುದ್ದೆ ಮಾನಸಿಕ ಕಾಯಿಲೆ ಇರುವವರಿಗೆ ಗುರುತಿಸಿದ್ದೇ ಅಂತ ಮೊದಲು ಓದಿ. ಅಧಿಸೂಚನೆಯಲ್ಲಿ ಅದನ್ನು 'ಎಂಐ' ಅಂತ ಬರೆದಿರುತ್ತಾರೆ. ಇದನ್ನು ನೋಡದೆ ಶುಲ್ಕ ಕಟ್ಟಿ, ಪರೀಕ್ಷೆ ಪಾಸಾಗಿ, ದಾಖಲೆ ಪರಿಶೀಲನೆಯ ದಿನ ವಾಪಸ್ ಬಂದವರ ಮುಖ ನೋಡಲಾಗುವುದಿಲ್ಲ.

ಹೊಸ ಕಸುಬು ಕಲಿಯಬೇಕು ಅನ್ನುವವರಿಗೆ ಪುಣೆ ಹತ್ತಿರದ ಖಡ್ಕಿಯಲ್ಲಿ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. 1917ರಿಂದ ವೈಕಲ್ಯ ಹೊಂದಿದ ಸೈನಿಕರಿಗೆ ತರಬೇತಿ ಕೊಡುತ್ತಿರುವ ಸಂಸ್ಥೆ. ನಿಮ್ಹಾನ್ಸ್‌ನ ಮನೋವೈದ್ಯಕೀಯ ಪುನರ್ವಸತಿ ವಿಭಾಗದಲ್ಲೂ ಕೆಲಸಕ್ಕೆ ಮರಳುವವರಿಗೆ ನೆರವು ಇದೆ. ಅಲ್ಲಿ ಒಳ್ಳೆಯ ಆಪ್ತ ಸಮಾಲೋಚನೆಯೂ ಸಿಗುತ್ತದೆ.

ಇಂದು ಸಂಜೆ ಎರಡನೇ ಹಂತದ ಫೈಲ್ ಶುರು ಮಾಡಿ. ಪ್ರತಿ ಕಾಗದದ ಫೋಟೊ ತೆಗೆದು ಹೆಂಡತಿಯ ಫೋನಿಗೂ ಕಳಿಸಿ. ನಿಮಗೆ ಆಗದ ದಿನ ಅರ್ಜಿ ತೆಗೆದುಕೊಂಡು ಹೋಗುವವರು ಅವರೇ, ಫೈಲ್ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿ.